1974ನ್ನು ನುಂಗಿದ ಬೆಳ್ಳಿತೆರೆ

ಆಲಂಕಾರಿನಲ್ಲಿ ಚಿತ್ರಮಂದಿರವಿಲ್ಲ. ಸಿನೆಮಾ ನೋಡಬೇಕೆನ್ನುವವನು ಉಪ್ಪಿನಂಗಡಿಯ ಬಸ್ಸು ಹಿಡಿದು ಅಲ್ಲಿಂದ ಪುತ್ತೂರಿಗೆ ಹೋಗಬೇಕು, ಇಲ್ಲವೆ ಮಂಗಳೂರಿನ ದಾರಿ ಹಿಡಿಯಬೇಕು. ಆದರೂ ಸಿನೆಮಾದ ಮಾತು ಕೇಳಿಬರದ ಅಂಗಡಿ ಜಗಲಿ ಈ ಊರಿನಲ್ಲಿ ಒಂದೂ ಇಲ್ಲ. ಥಿಯೇಟರಿಗೆ ಹೋಗಿ ನೋಡಿದವರು ಕೆಲವರು. ಕೈಯಲ್ಲಿರುವ ಮೊಬೈಲಿನಲ್ಲಿ ನೋಡಿದವರು ಹಲವರು. ನೋಡದೆಯೇ ವಾದ ಮಾಡುವವರು ಎಲ್ಲರಿಗಿಂತ ಹೆಚ್ಚು.

ಪಕ್ಷದ ಪತ್ರಿಕೆಗೆ ಸಿನೆಮಾದ ಗೊಡವೆ ಏಕೆಂದು ನಮ್ಮ ಕೆಲವು ಸಂಗಾತಿಗಳು ಕೇಳುತ್ತಾರೆ. ಅಡಿಕೆಗೆ ಹಳದಿ ಎಲೆ ರೋಗ, ಅದರ ಮೇಲೆ ಎಲೆಚುಕ್ಕಿ ರೋಗ. ಬೀಡಿ ಕಟ್ಟುವವರ ಕೂಲಿಯ ಪ್ರಶ್ನೆ. ಕಂದಾಯ ಕಚೇರಿಗಳಲ್ಲಿ ಧೂಳು ತಿನ್ನುವ ಅಕ್ರಮ ಸಕ್ರಮದ ಅರ್ಜಿಗಳು. ಇಷ್ಟೆಲ್ಲ ಇರುವಾಗ ನಟನಟಿಯರ ಸುದ್ದಿಗೆ ಪುಟ ಕೊಡುವುದು ಕಾಗದದ ದಂಡವಲ್ಲವೆ ಎಂದು ಅವರ ಆಕ್ಷೇಪ. ನಟನಟಿಯರ ಸುದ್ದಿ ನಮಗೂ ಬೇಡ. ಆದರೆ ಈ ಕೆಲವು ವರ್ಷಗಳಲ್ಲಿ ಕನ್ನಡದ ದೊಡ್ಡ ದೊಡ್ಡ ಚಿತ್ರಗಳೆಲ್ಲ ನಮ್ಮ ವಿಷಯವನ್ನೇ, ಎಂದರೆ ಭೂಮಿಯ ವಿಷಯವನ್ನೇ, ಕೈಗೆತ್ತಿಕೊಂಡಿವೆ. ಯಾರದು ಭೂಮಿ, ಯಾರು ಉಳುವುದು, ಯಾರು ಉಣ್ಣುವುದು ಎಂಬ ಪ್ರಶ್ನೆಗೆ ಅವು ಉತ್ತರವನ್ನೂ ಕೊಡುತ್ತಿವೆ. ಡಿಕ್ಲರೇಶನ್ ಹಾಕಿದ ತಲೆಮಾರಿನ ಅಜ್ಜಂದಿರು ಒಬ್ಬೊಬ್ಬರಾಗಿ ತೀರಿಹೋಗುತ್ತಿದ್ದಾರೆ. ಅವರ ಮೊಮ್ಮಕ್ಕಳಿಗೆ ಊರಿನ ಚರಿತ್ರೆ ಎಂದರೆ ಈಗ ತೆರೆಯ ಮೇಲೆ ಕಂಡದ್ದೇ ಚರಿತ್ರೆ. ಆ ಚರಿತ್ರೆ ಸುಳ್ಳಾದರೆ ಸುಮ್ಮನಿರುವುದು ಸಮಾಜವಾದಿಗಳ ಲಕ್ಷಣವಲ್ಲ.

'ಕಾಂತಾರ'ದಿಂದಲೇ ತೊಡಗುವೆವು. 2022ರ ಸೆಪ್ಟೆಂಬರ್ 30ರಂದು ತೆರೆಗೆ ಬಂದ ಈ ಚಿತ್ರವನ್ನು ನೋಡದವರು ನಮ್ಮ ಜಿಲ್ಲೆಯಲ್ಲಿ ವಿರಳ. ರಿಷಬ್ ಶೆಟ್ಟರು ಒಳ್ಳೆಯ ನಟರು, ಅದರಲ್ಲಿ ಎರಡು ಮಾತಿಲ್ಲ, ರಾಷ್ಟ್ರಪ್ರಶಸ್ತಿಯೂ ಬಂದಿದೆ. ಕಂಬಳದ ಗದ್ದೆ, ಕೋಲದ ರಾತ್ರಿ, ಮಳೆಯ ಕಾಡು ಇವನ್ನು ಕನ್ನಡದ ತೆರೆ ಹಿಂದೆಂದೂ ಇಷ್ಟು ಸಮೀಪದಿಂದ ತೋರಿಸಿರಲಿಲ್ಲ. ಇದನ್ನೆಲ್ಲ ಒಪ್ಪಿಕೊಂಡ ಮೇಲೆ ಕತೆಗೆ ಬರೋಣ. 1847ರಲ್ಲಿ ಒಬ್ಬ ಅರಸ ಮನಶ್ಶಾಂತಿಗಾಗಿ ದೈವದ ಕಲ್ಲನ್ನು ಪಡೆದು, ಬದಲಿಗೆ ಕಾಡಿನ ಭೂಮಿಯನ್ನು ಜನರಿಗೆ ಬಿಟ್ಟುಕೊಡುತ್ತಾನೆ. 1970ರಲ್ಲಿ ಅವನ ವಂಶದವನು ಆ ಭೂಮಿಯನ್ನು ಹಿಂದಕ್ಕೆ ಕೇಳುತ್ತಾನೆ. ಕೋರ್ಟಿನ ಮೆಟ್ಟಿಲಿನಲ್ಲಿ ರಕ್ತ ಕಾರಿ ಸಾಯುತ್ತಾನೆ. ಅಲ್ಲಿಂದ ಕತೆ ಒಂದೇ ನೆಗೆತಕ್ಕೆ 1990ಕ್ಕೆ ಹಾರುತ್ತದೆ.

ವಾಚಕರು ಈ ಇಸವಿಗಳನ್ನು ಇನ್ನೊಮ್ಮೆ ಓದಬೇಕು. 1970, ಆಮೇಲೆ 1990. ನಡುವಿನ ಇಪ್ಪತ್ತು ವರ್ಷ ಏನಾಯಿತು? ಕರಾವಳಿಯ ಸಾವಿರ ವರ್ಷದ ಇತಿಹಾಸದಲ್ಲಿ ಗೇಣಿದಾರನ ಹಣೆಬರಹ ತಿರುಗಿದ್ದು ಆ ಇಪ್ಪತ್ತು ವರ್ಷಗಳಲ್ಲಿಯೇ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಕಾಯಿದೆ ಗೇಣಿಯನ್ನು ರದ್ದುಮಾಡಿತು. ದೇವರಾಜ ಅರಸರು ಮುಖ್ಯಮಂತ್ರಿಗಳು. ನಮ್ಮ ಜಿಲ್ಲೆಯಂತೆ ಮೂಲಗೇಣಿ, ಚಾಲಗೇಣಿಗಳಲ್ಲಿ ಮುಳುಗಿದ ಜಿಲ್ಲೆ ರಾಜ್ಯದಲ್ಲಿ ಇನ್ನೊಂದಿರಲಿಲ್ಲ. ಏಳನೆ ನಂಬ್ರದ ಫಾರಂ ತುಂಬಿ ಡಿಕ್ಲರೇಶನ್ ಕೊಡಲು ಒಕ್ಕಲು ಮಕ್ಕಳು ತಾಲೂಕು ಕಚೇರಿಯ ಎದುರು ಸಾಲುಗಟ್ಟಿದರು. ಧಣಿಗಳ ಮನೆಯ ಅಂಗಳದಲ್ಲಿ ಮುಂಡಾಸು ಬಿಚ್ಚಿ ನಿಲ್ಲುತ್ತಿದ್ದವನು ಭೂನ್ಯಾಯ ಮಂಡಳಿಯ ಎದುರು ಧಣಿಗೆ ಸರಿಸಮನಾಗಿ ನಿಂತು, ಈ ಗದ್ದೆ ನಾನು ಬೇಸಾಯ ಮಾಡಿದ್ದು ಎಂದು ಬಾಯಿಬಿಟ್ಟು ಹೇಳಿದ. ಕೆಲವೆಡೆ ರಾಜಿಯಾಯಿತು, ಕೆಲವೆಡೆ ಬೆದರಿಕೆ. ಧಣಿಗಳಿಗೆ ಎದುರು ಹೇಳಿದರೆ ದೈವ ಮುನಿದೀತೆಂಬ ಹೆದರಿಕೆಯಿಂದ ಡಿಕ್ಲರೇಶನ್ನೇ ಕೊಡದೆ ಉಳಿದ ಒಕ್ಕಲುಗಳೂ ಇದ್ದರು. ಇದಕ್ಕಿಂತ ದೊಡ್ಡ ನಾಟಕ ಯಾವ ಚಿತ್ರಕತೆಯಲ್ಲಿ ಸಿಕ್ಕೀತು? ಧಣಿ, ಒಕ್ಕಲು, ದೈವ, ಸರಕಾರ ನಾಲ್ವರೂ ಒಂದೇ ಅಂಗಳದಲ್ಲಿ ನಿಂತ ಕಾಲ ಅದು. ಆ ಕಾಲವನ್ನೇ 'ಕಾಂತಾರ' ಹಾರಿಹೋಗಿದೆ.

ಹಾರಿಹೋದದ್ದು ಮರೆವಿನಿಂದಲ್ಲ. 1974 ಕತೆಯೊಳಗೆ ಬಂದರೆ ಭೂಮಿ ಅರಸನ ದಾನವೂ ಆಗದು, ದೈವದ ವರವೂ ಆಗದು, ಹಕ್ಕು ಆಗುತ್ತದೆ. ಹಕ್ಕು ಎಂದರೆ ಅರ್ಜಿ, ಸಂಘ, ಸಾಕ್ಷಿ, ತೀರ್ಪು. ಇವುಗಳಲ್ಲಿ ಕಿರುಚುವುದಕ್ಕೂ ಕೊಳ್ಳಿ ಹಿಡಿದು ಕುಣಿಯುವುದಕ್ಕೂ ಅವಕಾಶ ಕಡಿಮೆ. ಆದುದರಿಂದ ಚಿತ್ರದಲ್ಲಿ ಊರಿನವರು ಸಂಘ ಕಟ್ಟುವುದಿಲ್ಲ. ಹಂದಿ ಬೇಟೆಯಾಡುತ್ತಾರೆ, ಕುಡಿಯುತ್ತಾರೆ, ನಾಯಕನಿಗೆ ಆವೇಶ ಬರುವವರೆಗೆ ಕಾಯುತ್ತಾರೆ. ಆವೇಶ ಬಂದ ಮೇಲೆ ಧಣಿಯ ಸಂಹಾರವಾಗುತ್ತದೆ. ಕೊನೆಗೆ ದೈವ ಬಂದು ಅರಣ್ಯಾಧಿಕಾರಿಯ ಕೈಯನ್ನೂ ಊರವರ ಕೈಯನ್ನೂ ಒಟ್ಟು ಹಿಡಿಸುತ್ತದೆ. ಕಣ್ಣು ಒದ್ದೆಯಾಗುವ ದೃಶ್ಯ, ಸರಿ. ಆದರೆ ಕಾಡಿನಂಚಿನಲ್ಲಿ ಬದುಕುವವರಿಗೆ ಆ ಕೈಹಿಡಿತದಿಂದ ಏನು ದಕ್ಕಿತು? 2006ರಲ್ಲಿ ಅರಣ್ಯ ಹಕ್ಕು ಕಾಯಿದೆ ಬಂತು. ಅದರ ಕೆಳಗೆ ಅರ್ಜಿ ಕೊಟ್ಟ ಮಲೆಕುಡಿಯರಿಗೆ ಕೈ ಹಿಡಿದುಕೊಂಡು ನಿಲ್ಲುವ ಅಧಿಕಾರಿ ಬೇಕಾಗಿಲ್ಲ, ಹಕ್ಕುಪತ್ರಕ್ಕೆ ರುಜು ಹಾಕುವ ಅಧಿಕಾರಿ ಬೇಕು. 2023ರ ಫೆಬ್ರವರಿಯಲ್ಲಿ ನಮ್ಮ ಕಡಬ ತಾಲೂಕಿನ ರೆಂಜಿಲಾಡಿಯಲ್ಲಿ ಬೆಳಗ್ಗೆ ಕೆಲಸಕ್ಕೆ ಹೊರಟವರ ಮೇಲೆ ಕಾಡಾನೆ ಬಿದ್ದು ಎರಡು ಜೀವ ಹೋಯಿತು. ಕಾಡು ಮತ್ತು ಮನುಷ್ಯರ ನಡುವಿನ ಇಂದಿನ ಪ್ರಶ್ನೆ ಅಲ್ಲಿದೆ. ದೈವ ಬಂದು ಅದನ್ನು ಬಿಡಿಸಲಿಲ್ಲ. ಊರವರು ರಸ್ತೆಗಿಳಿದು ಇಲಾಖೆಯನ್ನು ಎಬ್ಬಿಸಬೇಕಾಯಿತು.

ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆವು. ನಾಯಕಿ ಅರಣ್ಯ ಇಲಾಖೆಯಲ್ಲಿ ಕೆಲಸ ಗಿಟ್ಟಿಸಿದ ಹುಡುಗಿ. ನಮ್ಮ ಕಡೆಯ ಹೆಣ್ಣುಮಕ್ಕಳು ಎಷ್ಟು ಕಷ್ಟಪಟ್ಟು ಅಂಥ ಸಮವಸ್ತ್ರ ತೊಡುತ್ತಾರೆಂಬುದು ಎಲ್ಲರಿಗೂ ಗೊತ್ತು. ಅವಳ ಸೊಂಟ ಚಿವುಟುವುದನ್ನು ಚಿತ್ರ ತಮಾಷೆ ಎಂದು ತೋರಿಸುತ್ತದೆ, ಅವಳು ಅದಕ್ಕೆ ಒಲಿಯುತ್ತಾಳೆ. ಥಿಯೇಟರಿನಲ್ಲಿ ನಗು. ಹೆಣ್ಣು ಗಂಡಿನ ನಡುವಿನ ಅಸಮಾನತೆಯನ್ನು ಅಳಿಸುವುದನ್ನು ಲೋಹಿಯಾರವರು ತಮ್ಮ ಸಪ್ತ ಕ್ರಾಂತಿಗಳಲ್ಲಿ ಸೇರಿಸಿದ್ದು ಸುಮ್ಮನೆ ಅಲ್ಲ.

ಇನ್ನು 'ಕಾಟೇರ'. 2023ರ ಡಿಸೆಂಬರ್ 29ರಂದು ಬಿಡುಗಡೆಯಾದ ಈ ಚಿತ್ರಕ್ಕೆ ನಾವು ಒಂದು ವಿಷಯದಲ್ಲಿ ನಮಸ್ಕಾರ ಹೇಳಬೇಕು. 'ಕಾಂತಾರ' ಹಾರಿದ ಹೊಂಡಕ್ಕೆ ಇದು ಧೈರ್ಯವಾಗಿ ಇಳಿದಿದೆ. ಉಳುವವನೇ ಹೊಲದೊಡೆಯ ಎಂಬ ಮಾತನ್ನು ಇಷ್ಟು ದೊಡ್ಡ ನಟನ ಬಾಯಲ್ಲಿ, ಇಷ್ಟು ದೊಡ್ಡ ಗಂಟಲಿನಲ್ಲಿ ಕನ್ನಡಿಗರು ಕೇಳಿ ಬಹಳ ಕಾಲವಾಗಿತ್ತು. ತರುಣ್ ಸುಧೀರ್ ನಿರ್ದೇಶನದ ಈ ಕತೆಯ ನಾಯಕ ಕಮ್ಮಾರ. ಊರಿನ ಧಣಿಗಳು ಬೆಳೆಯ ಪಾಲನ್ನು ಕಣಜಕ್ಕೆ ತುಂಬಿಸಿಕೊಳ್ಳುತ್ತಾರೆ, ಮೇಲಿನಿಂದ ಜಾತಿಯ ಸೊಕ್ಕು ಬೇರೆ. ಕಾಯಿದೆ ಬಂದಿದೆ, ಭೂಮಿ ನಿಮ್ಮದಾಗುತ್ತದೆ ಎಂಬ ಸುದ್ದಿ ಹಳ್ಳಿಗೆ ತಲಪುವ ಭಾಗ ನಮಗೆ ಹಿಡಿಸಿತು.

ಹಿಡಿಸದ್ದು ಮುಂದಿನ ಕತೆ. ಕಾಯಿದೆಯ ಕಾಗದ ಬಂದ ಮೇಲೆ ಅದನ್ನು ಜಾರಿ ಮಾಡುವವರು ಯಾರು? ಚಿತ್ರದ ಪ್ರಕಾರ ಒಂದು ಮಚ್ಚು. ನಾಯಕ ನೂರಕ್ಕೂ ಮೇಲ್ಪಟ್ಟ ಕೊಲೆಗಳ ಹೊರೆ ಹೊತ್ತವನಾಗಿ ನಮ್ಮೆದುರು ಬರುತ್ತಾನೆ. ಒಬ್ಬನ ತೋಳಿನಲ್ಲಿ ಊರಿನ ಬಿಡುಗಡೆ. ಉಳಿದವರೆಲ್ಲ ಕೈಮುಗಿದು ನಿಂತ ಹಿನ್ನೆಲೆ. 1951ರಲ್ಲಿ ಕಾಗೋಡಿನ ಗೇಣಿದಾರರು ಸತ್ಯಾಗ್ರಹ ಹೂಡಿದಾಗ ಮಚ್ಚು ಹಿಡಿದಿರಲಿಲ್ಲ. ಧಣಿಗಳ ಗದ್ದೆಗೆ ನೇಗಿಲು ಹಿಡಿದು ಇಳಿದು ಸಾಲುಸಾಲಾಗಿ ಜೈಲಿಗೆ ಹೋದರು. ಸೋಷಲಿಸ್ಟ್ ಪಕ್ಷ ಅವರ ಬೆನ್ನಿಗೆ ನಿಂತಿತು. ಲೋಹಿಯಾರವರೇ ಬಂದು ದಸ್ತಗಿರಿಯಾದರು. ಶಾಂತವೇರಿ ಗೋಪಾಲಗೌಡರು ಅಲ್ಲಿಂದ ಎದ್ದು ಬಂದವರು. ಆ ಹೆಸರಿಲ್ಲದ ನೂರಾರು ಜನರ ಜೈಲುವಾಸವೇ ಇಪ್ಪತ್ತಮೂರು ವರ್ಷಗಳ ಬಳಿಕ ಕಾಯಿದೆಯಾಗಿ ಬಂತೆಂದರೆ ಹೆಚ್ಚು ಹೇಳಿದಂತಾಗದು. ಒಬ್ಬ ವೀರನು ಬಂದು ಕಡಿದುಹಾಕುವ ತನಕ ಕಾಯಿರಿ ಎಂದು ಒಕ್ಕಲಿಗೆ ಕಲಿಸುವ ಚಿತ್ರ ಬಾಯಲ್ಲಿ ಎಷ್ಟೇ ಕ್ರಾಂತಿ ಹೇಳಲಿ, ಅದರ ಕೈ ಧಣಿಯ ಕಡೆಗೇ ಇದೆ.

ಅಷ್ಟೂ ಹೇಳಿ, ಇಬ್ಬರೂ ಮುಟ್ಟದ ಇನ್ನೊಂದು ಜಾಗವಿದೆ. ನಮಗೆ ಎಲ್ಲಕ್ಕಿಂತ ಮುಖ್ಯವಾದ ಜಾಗ ಅದು. 1974ರ ಕಾಯಿದೆ ಭೂಮಿ ಕೊಟ್ಟದ್ದು ಗೇಣಿದಾರನಿಗೆ. ಗೇಣಿದಾರನ ಗದ್ದೆಯಲ್ಲಿ ನಿಜವಾಗಿ ಕೋಣ ಹೂಡಿ ಉತ್ತವನು ಯಾರು? ನೇಜಿ ನೆಟ್ಟವಳು ಯಾರು? ಧಣಿಗೆ ಮೂಲದಾಳಾಗಿ ತಲೆತಲಾಂತರ ದುಡಿದ ದಲಿತನಿಗೆ ಗೇಣಿ ಚೀಟಿ ಎಲ್ಲಿತ್ತು? ಚೀಟಿ ಇಲ್ಲದವನ ಡಿಕ್ಲರೇಶನ್ ಯಾವ ಮಂಡಳಿ ನೋಡಿತು? ಗುಡಿಸಲು ಕಟ್ಟಿಕೊಂಡ ಕೆಲವೇ ಸೆಂಟ್ಸು ಜಾಗ ಅವನ ಪಾಲಿಗೆ ಬಂತು, ಅದೂ ಎಲ್ಲರಿಗೆ ಬರಲಿಲ್ಲ. ದಲಿತರಿಗೆಂದು ಬ್ರಿಟಿಷರ ಕಾಲದಿಂದ ಕಾದಿರಿಸಿದ ಡಿ.ಸಿ. ಮನ್ನಾ ಭೂಮಿಯನ್ನು ಹಂಚಿರೆಂದು ಈ ಜಿಲ್ಲೆಯ ದಲಿತ ಸಂಘಟನೆಗಳು ಕಚೇರಿಯಿಂದ ಕಚೇರಿಗೆ ಅಲೆದದ್ದು ವರ್ಷಗಳ ಕತೆ. ಅತ್ತ 2020ರಲ್ಲಿ ಸರಕಾರ ಅದೇ ಭೂಸುಧಾರಣೆ ಕಾಯಿದೆಯ 79ಎ, 79ಬಿ ಕಲಮುಗಳನ್ನು ಕಿತ್ತುಹಾಕಿ, ಕೃಷಿಕನಲ್ಲದ ಹಣವಂತನೂ ಕೃಷಿಭೂಮಿ ಕೊಳ್ಳಬಹುದೆಂದಿತು. ಉಳುವವನೇ ಒಡೆಯ ಎಂದು ಥಿಯೇಟರಿನಲ್ಲಿ ಸಿಳ್ಳೆ ಹೊಡೆದು ಹೊರಗೆ ಬರುವಷ್ಟರಲ್ಲಿ, ಹಣವುಳ್ಳವನೇ ಒಡೆಯ ಎಂಬ ಕಾಯಿದೆ ಮೂರು ವರ್ಷ ಹಳೆಯದಾಗಿತ್ತು. 'ಕಾಟೇರ'ನ ಮಚ್ಚು ಆ ಕಡೆಗೆ ಒಮ್ಮೆಯೂ ತಿರುಗಲಿಲ್ಲ.

ಈ ಚೀಟಿಯಿಲ್ಲದವನ ಕತೆಯನ್ನು ಹೇಳಿದ ಚಿತ್ರ ಕನ್ನಡದಲ್ಲಿ ಇಲ್ಲವೆ? ಇದೆ. ನಮ್ಮ ಪುತ್ತೂರಿನಲ್ಲಿ ಬಾಲವನ ಕಟ್ಟಿ ಬಾಳಿದ ಶಿವರಾಮ ಕಾರಂತರು 1933ರಲ್ಲಿ ಬರೆದ 'ಚೋಮನ ದುಡಿ'ಯನ್ನು ಬಿ.ವಿ. ಕಾರಂತರು 1975ರಲ್ಲಿ ತೆರೆಗೆ ತಂದರು. ಅದಕ್ಕೆ ಸ್ವರ್ಣಕಮಲ ಬಂತು. ಚೋಮನಾಗಿ ನಟಿಸಿದ ಎಂ.ವಿ. ವಾಸುದೇವರಾಯರಿಗೆ ಆ ವರ್ಷದ ಶ್ರೇಷ್ಠ ನಟನ ರಾಷ್ಟ್ರಪ್ರಶಸ್ತಿ ಬಂತು. ಚೋಮನಿಗೆ ಬೇಕಾದದ್ದು ಒಂದು ತುಂಡು ಗದ್ದೆ, ಸ್ವಂತಕ್ಕೆ ಬೇಸಾಯ ಮಾಡಲು. ಎತ್ತು ಸಾಕಿ ಇಟ್ಟುಕೊಂಡಿದ್ದಾನೆ, ಗದ್ದೆ ಇಲ್ಲ. ಧಣಿ ಸಂಕಪ್ಪಯ್ಯ ಕೆಟ್ಟವನೂ ಅಲ್ಲ. ಅವನಿಗೆ ಮನಸ್ಸು ಇದ್ದರೂ ಜಾತಿಯ ಕಟ್ಟು ಬಿಡುವುದಿಲ್ಲ. ಇಲ್ಲಿ ಖಳನ ಕೊರಳು ಕೊಯ್ದರೆ ಕತೆ ಮುಗಿಯುವುದಿಲ್ಲ. ಏಕೆಂದರೆ ಖಳನಿರುವುದು ಇಡೀ ವ್ಯವಸ್ಥೆಯಲ್ಲಿ. ಭೂಸುಧಾರಣೆ ಬಂದ ಮರುವರ್ಷವೇ ಈ ಚಿತ್ರ ಬಂತೆಂಬುದನ್ನು ಗಮನಿಸಬೇಕು. ಕಾಯಿದೆಯ ಉತ್ಸವ ನಡೆಯುತ್ತಿದ್ದಾಗ, ಉತ್ಸವದಿಂದ ಹೊರಗುಳಿದವನೊಬ್ಬ ಗುಡಿಸಲಿನ ಬಾಗಿಲು ಹಾಕಿ ದುಡಿ ಬಾರಿಸಿದ್ದನ್ನು ಅದು ನಾಡಿಗೆ ಕೇಳಿಸಿತು. ಅಂಥ ಧೈರ್ಯ ಇಂದಿನ ಕೋಟಿಗಳ ಚಿತ್ರಗಳಲ್ಲಿ ಎಲ್ಲಿದೆಯೆಂದು ಹುಡುಕಿ ಸಾಕಾಯಿತು.

ಕತೆಗೇನು ಬರಗಾಲವೆ? ಕೋಟಿ ಚೆನ್ನಯರ ಪಾಡ್ದನ ಹುಟ್ಟಿದ ಪಡುಮಲೆ ಪುತ್ತೂರಿಗೆ ಹತ್ತಿರ. ಅವರು ಬಂದು ಸೇರಿದ ಎಣ್ಮೂರು ಆಲಂಕಾರಿನಿಂದ ದೂರವಿಲ್ಲ. ಗದ್ದೆಯ ನೀರಿನ ಜಗಳದಿಂದ ತೊಡಗಿ ಬಲ್ಲಾಳನನ್ನೇ ಎದುರು ಹಾಕಿಕೊಂಡ ಇಬ್ಬರು ಬಿಲ್ಲವ ತರುಣರ ಕತೆ ಅದು. 1973ರಲ್ಲಿ ತುಳುವಿನಲ್ಲಿ ಚಿತ್ರವಾಯಿತು, ಮೂರು ದಶಕಗಳ ಮೇಲೆ ಇನ್ನೊಮ್ಮೆ ಆಯಿತು. 1837ರಲ್ಲಿ ಕಂಪೆನಿ ಸರಕಾರದ ಮೇಲೆ ದಂಡೆತ್ತಿ ಹೋದ ಸುಳ್ಯದ ರೈತರ ಕತೆ ಇದೆ. ಸಿರಿಮಾವೊ-ಶಾಸ್ತ್ರಿ ಒಪ್ಪಂದ 1964ರಲ್ಲಿ ಆದ ಮೇಲೆ ಸಿಂಹಳದಿಂದ ಹಡಗು ಹತ್ತಿ ಬಂದು ಸುಳ್ಯ, ಪುತ್ತೂರು ಕಡೆಯ ಸರಕಾರಿ ರಬ್ಬರು ತೋಟಗಳಲ್ಲಿ ಬೆಳಗು ಹರಿಯುವ ಮೊದಲೇ ಮರ ಕೆತ್ತಿ ಹಾಲು ತೆಗೆದ ತಮಿಳು ಕೂಲಿಗಳ ಕತೆ ಇದೆ. ಅವರ ಮಕ್ಕಳು ನಮ್ಮ ಶಾಲೆಗಳಲ್ಲಿಯೇ ಕನ್ನಡ ಕಲಿತರು. ನಮ್ಮ ದೊಡ್ಡ ಚಿತ್ರಗಳಲ್ಲಿ ಅವರ ನೆರಳೂ ಬಿದ್ದಿಲ್ಲ.

ದೈವದ ಮಾತಿಗೆ ಒಂದು ಲೆಕ್ಕ ಬಾಕಿಯಿದೆ. 'ಕಾಂತಾರ'ದ ಗಲ್ಲಾಪೆಟ್ಟಿಗೆ ಕೋಟಿ ಕೋಟಿ ಎಣಿಸುತ್ತಿದ್ದಾಗ, 2022ರ ಅಕ್ಟೋಬರಿನಲ್ಲಿ ರಾಜ್ಯ ಸರಕಾರ ಅರುವತ್ತು ಮೀರಿದ ದೈವನರ್ತಕರಿಗೆ ತಿಂಗಳಿಗೆ 2000 ರೂಪಾಯಿ ಮಾಸಾಶನ ಘೋಷಿಸಿತು. ಸಿನೆಮಾದಿಂದಾಗಿ ಬಂದ ಒಳ್ಳೆಯದು, ನಾವು ಅಲ್ಲಗಳೆಯೆವು. ಆದರೆ ಆ ಬಣ್ಣ ಕಟ್ಟುವವರು ಪಂಬದರು, ಪರವರು, ನಲಿಕೆಯವರು. ರಾತ್ರಿ ಧಣಿಯನ್ನು ಏಕವಚನದಲ್ಲಿ ಕರೆದು ನ್ಯಾಯ ಹೇಳುವ ಬಾಯಿ ಬೆಳಗಾದ ಮೇಲೆ ಅದೇ ಧಣಿಯ ಮನೆಯ ಜಗಲಿ ಹತ್ತುವಂತಿಲ್ಲ ಎಂಬುದು ಹಿಂದಿನವರು ಕಣ್ಣಾರೆ ಕಂಡದ್ದು. ಈ ಒಂದು ವಿರೋಧಾಭಾಸದ ಮೇಲೆಯೇ ಒಂದು ಮಹಾಚಿತ್ರ ಕಟ್ಟಬಹುದಿತ್ತು. 'ಕಾಂತಾರ' ರಾತ್ರಿಯನ್ನು ಮಾತ್ರ ಚಿತ್ರಿಸಿತು. ಬೆಳಗಿನ ಪಾಡನ್ನು ನೋಡಬೇಕಾದರೆ 'ಪಿಂಗಾರ', 'ಜೀಟಿಗೆ'ಯಂಥ ಸಣ್ಣ ತುಳು ಚಿತ್ರಗಳನ್ನು ಹುಡುಕಬೇಕು. ಎರಡಕ್ಕೂ ರಾಷ್ಟ್ರಪ್ರಶಸ್ತಿ ಬಂದಿದೆ. ಆಲಂಕಾರಿನಲ್ಲಿ ಅವನ್ನು ನೋಡಿದವರು ಎಷ್ಟು ಮಂದಿ?

ಈಗ 'ಕಾಂತಾರ ಚಾಪ್ಟರ್ 1'. 2025ರ ಅಕ್ಟೋಬರ್ 2, ಗಾಂಧಿ ಜಯಂತಿಯಂದು ಬಿಡುಗಡೆ. ಕದಂಬರ ಕಾಲಕ್ಕೆ ಹೋಗಿದ್ದಾರೆ. ಕಾಡಿನ ಜನ ಬೆಳೆದ ಸಂಬಾರ ಪದಾರ್ಥ ಬಂದರಿನಲ್ಲಿ ಪರದೇಶದವರಿಗೆ ಯಾವ ಬೆಲೆಗೆ ಹೋಗುತ್ತದೆಂದು ಬೆಳೆದವರಿಗೇ ಗೊತ್ತಿಲ್ಲ. ಗೊತ್ತಾದಾಗ ಅವರು ಬಂದರಿಗೆ ಇಳಿಯುತ್ತಾರೆ. ಇಷ್ಟು ಭಾಗ ನೋಡುವಾಗ ಅಡಿಕೆ ಬೆಳೆಗಾರನಿಗೆ ತನ್ನ ಕತೆಯೇ ಅನ್ನಿಸದಿರದು. ವ್ಯಾಪಾರಿಗಳ ಕೈಯಲ್ಲಿ ಸಿಕ್ಕಿ ಸೊರಗಿದ ಬೆಳೆಗಾರ 1973ರಲ್ಲಿ ಕ್ಯಾಂಪ್ಕೊ ಎಂಬ ಸಹಕಾರಿ ಸಂಸ್ಥೆ ಕಟ್ಟಿ ತನ್ನ ಅಡಿಕೆಗೆ ತಾನೇ ಬೆಲೆ ಹೇಳಿದ ಜಿಲ್ಲೆಯಲ್ಲವೆ ನಮ್ಮದು! ಆದರೆ ಚಿತ್ರ ಅರ್ಧ ದಾರಿಯಲ್ಲಿ ಬೆಲೆಯ ಮಾತು ಬಿಟ್ಟು ಕತ್ತಿಯ ಮಾತಿಗೆ, ಕತ್ತಿಯ ಮಾತು ಬಿಟ್ಟು ಪವಾಡದ ಮಾತಿಗೆ ಏರಿಬಿಡುತ್ತದೆ. ಮೇಲೆ ಏರಿದಷ್ಟೂ ಕೆಳಗಿನ ಜನ ಸಣ್ಣದಾಗುತ್ತಾರೆ.

ತೆರೆಯ ಮೇಲೆ ಕಾಡಿನವರಿಗೆ ಬಂದರು ಬಿಡಿಸಿಕೊಟ್ಟವರು ತೆರೆಯ ಹೊರಗೆ ಏನು ಮಾಡಿದರು? 2025ರ ಮಾರ್ಚ್ ತಿಂಗಳ ಬಜೆಟ್ಟಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಎಲ್ಲ ಚಿತ್ರಮಂದಿರಗಳ ಟಿಕೇಟಿಗೆ 200 ರೂಪಾಯಿಯ ಮಿತಿ ಹಾಕುವೆವೆಂದರು. 2017ರ ಬಜೆಟ್ಟಿನಲ್ಲೂ ಇದೇ ಮಾತು ಅವರಿಂದಲೇ ಬಂದಿತ್ತು. 2025ರ ಸೆಪ್ಟೆಂಬರ್ 12ರಂದು ನಿಯಮ ಹೊರಟಿತು. ಕೂಡಲೇ ಮಲ್ಟಿಪ್ಲೆಕ್ಸ್‌ಗಳ ಸಂಘ ಹೈಕೋರ್ಟಿಗೆ ಹೋಯಿತು. ಅದರ ಜೊತೆಗೆ ಹೋದವರಲ್ಲಿ 'ಕಾಂತಾರ'ದ ತಯಾರಕರಾದ ಹೊಂಬಾಳೆ ಫಿಲಂಸ್‌ನವರೂ ಇದ್ದರು. 23ರಂದು ತಡೆಯಾಜ್ಞೆ ಬಂತು. ಒಂಬತ್ತು ದಿನಗಳಲ್ಲಿ ಚಿತ್ರ ಬಿಡುಗಡೆ! ಒಂದು ವೇಳೆ ಸರಕಾರ ಗೆದ್ದರೆ ಪ್ರೇಕ್ಷಕರಿಗೆ ಹಣ ಹಿಂದೆ ಕೊಡಲು ಅನುಕೂಲವಾಗಲೆಂದು ಟಿಕೇಟು ಮಾರಾಟದ ಲೆಕ್ಕವಿಡಿರೆಂದು ವಿಭಾಗೀಯ ಪೀಠ ಹೇಳಿತು. ಲೆಕ್ಕವಿಡುವುದು ಕೂಡ ಭಾರವಾಗಿ ಸುಪ್ರೀಂ ಕೋರ್ಟಿನವರೆಗೆ ಓಡಿದರು. ನವೆಂಬರಿನಲ್ಲಿ ಆ ಷರತ್ತಿಗೂ ತಡೆ ಸಿಕ್ಕಿತು. ನೀರಿನ ಬಾಟಲಿಗೆ 100, ಕಾಫಿಗೆ 700 ರೂಪಾಯಿ ತೆಗೆದರೆ ಮುಂದೆ ಥಿಯೇಟರು ಖಾಲಿಯಾದೀತೆಂದು ನ್ಯಾಯಾಧೀಶರು ಎಚ್ಚರಿಸಿದರೆಂಬುದೂ ಅದೇ ದಿನದ ವರದಿ.

200 ರೂಪಾಯಿ ಕೂಡ ಬಡವನ ದರ ಅಲ್ಲ. 100 ರೂಪಾಯಿ ಮೀರಿದ ಟಿಕೇಟಿಗೆ ಶೇಕಡಾ 18ರ ಜಿ.ಎಸ್.ಟಿ. ಇದೆ. 200ಕ್ಕೆ 36 ಸೇರಿದರೆ 236. ಗಂಡ, ಹೆಂಡತಿ, ಎರಡು ಮಕ್ಕಳು ಎಂದರೆ 944 ರೂಪಾಯಿ. ಆಲಂಕಾರಿನ ಒಂದು ಮನೆಯಲ್ಲಿ ತಾಯಿ ದಿನವಿಡೀ ಕುಳಿತು ಸಾವಿರ ಬೀಡಿ ಕಟ್ಟಿದರೂ ಆ ಕೂಲಿಯಿಂದ ಮನೆಯವರೆಲ್ಲ ಒಂದು ಸಿನೆಮಾ ನೋಡಲಾಗದು. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಆಕೆಯ ಸರಕಾರಿ ಬಸ್ಸು ಪ್ರಯಾಣ ಧರ್ಮಕ್ಕಾಯಿತು. ಪುತ್ತೂರಿನಲ್ಲಿ ಇಳಿದು ಪೋಸ್ಟರು ನೋಡಿಕೊಂಡು ಮರಳಬೇಕೇನು? ಅವಳ ಮನೆಯ ದೈವವನ್ನು, ಅವಳ ಊರಿನ ಮಾತನ್ನು, ಅವಳ ಅಜ್ಜಿಯ ಕತೆಯನ್ನು ತೆಗೆದುಕೊಂಡು ಹೋಗಿ ಚಿತ್ರ ಮಾಡಿ, ಅವಳಿಗೇ 200 ಮೀರಿದ ಬೆಲೆಗೆ ಮಾರುವ ಹಕ್ಕಿಗಾಗಿ ಕೋರ್ಟಿನಲ್ಲಿ ಹೋರಾಡುವುದಕ್ಕೆ ನಾವು ಏನೆನ್ನಬೇಕು? ಸಂಬಾರದ ಬೆಲೆ ಬಚ್ಚಿಟ್ಟ ಬಂದರಿನ ಅರಸರನ್ನು ಚಿತ್ರದವರೇ ನಮಗೆ ತೋರಿಸಿಕೊಟ್ಟಿದ್ದಾರೆ. ಹೆಸರು ವಾಚಕರೇ ಇಟ್ಟುಕೊಳ್ಳಲಿ.

ಇದೇ ಸಂಸ್ಥೆಯ 'ಕೆ.ಜಿ.ಎಫ್.' ಎರಡು ಭಾಗಗಳ ಬಗ್ಗೆ, 2018ರದ್ದು ಮತ್ತು 2022ರದ್ದು, ನಾವು ಹೆಚ್ಚು ಹೇಳುವುದಿಲ್ಲ. ಕೋಲಾರದ ಚಿನ್ನದ ಗಣಿಗಳಲ್ಲಿ ನೂರು ವರ್ಷಕ್ಕೂ ಮಿಕ್ಕಿ ನಿಜವಾದ ಮನುಷ್ಯರು ನೆಲದೊಳಗೆ ಮೈಲುಗಟ್ಟಲೆ ಇಳಿದು ದುಡಿದರು, ಅವರಲ್ಲಿ ಬಹುಮಂದಿ ತಮಿಳು ದಲಿತರು. ಅವರು ಯೂನಿಯನ್ ಕಟ್ಟಿದರು, ಮುಷ್ಕರ ಹೂಡಿದರು, ಎದೆಯಲ್ಲಿ ಕಲ್ಲಿನ ಧೂಳು ತುಂಬಿಕೊಂಡು ಸತ್ತರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಕಾರ್ಮಿಕರ ಮಕ್ಕಳು ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೂಲಿಗೆ ಹೋಗುವಂತಾಯಿತು. ಚಿತ್ರದಲ್ಲಿ ಯೂನಿಯನ್ ಇಲ್ಲ. ಗುಲಾಮರಿದ್ದಾರೆ, ಬಂದೂಕಿನ ಯಜಮಾನನಿದ್ದಾನೆ, ಅವನನ್ನು ಕೊಂದು ಬರುವ ಹೊಸ ಯಜಮಾನನಿದ್ದಾನೆ. ಯಜಮಾನ ಬದಲಾದನೆಂದು ಗುಲಾಮರು ಜೈಕಾರ ಹಾಕುತ್ತಾರೆ. ಇದನ್ನು ಬಡವನ ವಿಜಯವೆಂದು ನಂಬಿ ಶಿಳ್ಳೆ ಹಾಕಿದ ತರುಣರ ಮೇಲೆ ನಮಗೆ ಸಿಟ್ಟಿಲ್ಲ, ಮರುಕವಿದೆ.

ತೆರೆಯ ಹಿಂದಿನ ಕೂಲಿಯವರ ಸುದ್ದಿಯೂ ಇಲ್ಲಿಯೇ ಬರಲಿ. 2016ರ ನವೆಂಬರ್ 7ರಂದು 'ಮಾಸ್ತಿಗುಡಿ'ಯ ಚಿತ್ರೀಕರಣದಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಹೆಲಿಕಾಪ್ಟರಿನಿಂದ ಹಾರಿದ ಇಬ್ಬರು ಖಳನಟರು ಮುಳುಗಿ ಸತ್ತರು. 2021ರ ಆಗಸ್ಟಿನಲ್ಲಿ ಬಿಡದಿಯ ಬಳಿ ಇನ್ನೊಂದು ಚಿತ್ರದ ಸಾಹಸ ದೃಶ್ಯದಲ್ಲಿ ವಿದ್ಯುತ್ ತಗಲಿ ಒಬ್ಬ ಸಾಹಸ ಕಲಾವಿದ ಸತ್ತ. ಅಡಿಕೆ ಮರವೇರಿ ಬಿದ್ದವನಿಗೆ ಪರಿಹಾರವಿಲ್ಲವೆಂದು ಹೋರಾಡುವ ನಾವು ಇವರನ್ನು ಬೇರೆಯವರೆಂದು ತಿಳಿಯುವಂತಿಲ್ಲ. ಸಿನೆಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಕ್ಕೆಂದು 2024ರಲ್ಲಿ ವಿಧಾನಮಂಡಲ ಕಾಯಿದೆ ಮಾಡಿ, ಟಿಕೇಟಿನ ಮೇಲೆ ಶೇಕಡಾ 1ರಿಂದ 2ರವರೆಗೆ ಸೆಸ್ ಹಾಕಲು ದಾರಿಮಾಡಿತು. ಆ ಹಣ ಲೈಟು ಹೊರುವವನ ಮನೆಗೆ ತಲಪುತ್ತದೋ, ಮಂಡಳಿಯ ಕುರ್ಚಿಗೆ ಮೆತ್ತೆ ಹೊಲಿಸಲಿಕ್ಕೆ ಹೋಗುತ್ತದೋ ಎಂಬುದರ ಮೇಲೆ ನಾವು ಕಣ್ಣಿಟ್ಟಿರುತ್ತೇವೆ.

ಎಲ್ಲವನ್ನೂ ಬಯ್ಯುವವರೆಂಬ ಹೆಸರು ನಮಗೆ ಬೇಡ. 2025ರ ಜುಲೈಯಲ್ಲಿ ಬಂದ 'ಸು ಫ್ರಮ್ ಸೋ' ನೋಡಿ ನಾವು ಮನಸಾರೆ ನಕ್ಕೆವು. ದೊಡ್ಡ ನಟನಿಲ್ಲ, ಕತ್ತಿಯಿಲ್ಲ. ಮಾಡಬಾರದ್ದು ಮಾಡಿ ಸಿಕ್ಕಿಬಿದ್ದ ಹುಡುಗನೊಬ್ಬ ಪಾರಾಗಲು ಮೈಮೇಲೆ ಪ್ರೇತ ಬಂದಂತೆ ನಟಿಸುತ್ತಾನೆ. ಊರಿಗೆ ಊರೇ ಅದನ್ನು ನಂಬಿ ಗುರೂಜಿಯ ಕಾಲಿಗೆ ಬೀಳುತ್ತದೆ. ಆವೇಶ ಎಂಬುದರ ಮೇಲೆ ಒಂದು ಚಿತ್ರ ಕೋಟಿ ಗಳಿಸಿದ ನೆಲದಲ್ಲಿಯೇ ಆವೇಶವನ್ನು ಹೀಗೆ ಗೇಲಿ ಮಾಡುವ ಎದೆಗಾರಿಕೆ ಜೆ.ಪಿ. ತುಮಿನಾಡರಿಗೆ ಇತ್ತು. ಕೊನೆಕೊನೆಗೆ ಕತೆ ಒಂದು ಅಸಹಾಯಕ ಹೆಣ್ಣಿನ ಬೆನ್ನಿಗೆ ಊರು ನಿಲ್ಲುವಲ್ಲಿಗೆ ಬರುತ್ತದೆ. ಅಲ್ಲಿ ನಮಗೆ ಮೆಚ್ಚಿಗೆಯಾದದ್ದು ಒಬ್ಬನೇ ವೀರ ಇಲ್ಲದಿರುವುದು. ತುಳುವಿನ ಹಾಸ್ಯಚಿತ್ರಗಳ ವಿಷಯ ಬೇರೆ. 1971ರ 'ಎನ್ನ ತಂಗಡಿ'ಯಿಂದ ಐವತ್ತು ವರ್ಷ ನಡೆದು ಬಂದ ಈ ಚಿತ್ರರಂಗ ನಾಟಕದ ಜೋಕುಗಳ ಗೂಟಕ್ಕೆ ಕಟ್ಟಿದ ಕರುವಿನಂತೆ ಸುತ್ತುತ್ತಿದೆ. ಕರಿಯ ಬಣ್ಣದವನನ್ನು, ದಪ್ಪ ಹೆಂಗಸನ್ನು ಹಂಗಿಸಿ ನಗಿಸುವುದು ಇನ್ನೆಷ್ಟು ಕಾಲ?

ಇನ್ನು ಮೂರು ಚಿತ್ರಗಳ ಹೆಸರು ಹೇಳುತ್ತೇವೆ, ವಾಚಕರು ಬರೆದಿಟ್ಟುಕೊಳ್ಳಲಿ. ಉತ್ಸವ್ ಗೋನವಾರರ 'ಫೋಟೋ', 2024. ವಿಧಾನಸೌಧದ ಎದುರು ನಿಂತು ಫೋಟೋ ತೆಗೆಸಿಕೊಳ್ಳಬೇಕೆಂಬ ಆಸೆಯಿಂದ ರಾಯಚೂರು ಕಡೆಯ ಹುಡುಗ ಬೆಂಗಳೂರಿನಲ್ಲಿ ಕೂಲಿಮಾಡುವ ಅಪ್ಪನ ಬಳಿ ಬರುತ್ತಾನೆ. 2020ರ ಮಾರ್ಚ್ ತಿಂಗಳ ಲಾಕ್‌ಡೌನ್ ಬೀಳುತ್ತದೆ. ಅಪ್ಪ ಮಗ ನಡೆದೇ ಊರಿನ ದಾರಿ ಹಿಡಿಯುತ್ತಾರೆ. ನಾಡನ್ನು ಕಟ್ಟಿದವರನ್ನು ನಾಡು ಹೇಗೆ ರಸ್ತೆಯಲ್ಲಿ ಬಿಟ್ಟಿತೆಂಬುದಕ್ಕೆ ಇದಕ್ಕಿಂತ ಶಾಂತವಾದ ಆರೋಪಪಟ್ಟಿ ಬೇರೆ ಬೇಡ. 'ಶಿವಮ್ಮ', ಅದೂ 2024ರಲ್ಲಿಯೇ ತೆರೆಗೆ ಬಂತು: ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲಿ ಶಾಲೆಯ ಬಿಸಿಯೂಟ ಬೇಯಿಸುವ ಹೆಂಗಸು ಸಾಲ ತೀರಿಸುವ ಆಸೆಗೆ ಶಕ್ತಿಪೇಯ ಮಾರುವ ಸರಪಳಿ ವ್ಯಾಪಾರದ ಬಲೆಗೆ ಬೀಳುತ್ತಾಳೆ. ನಮ್ಮ ಊರುಗಳಲ್ಲೂ ಮನೆಮನೆಗೆ ಡಬ್ಬಿ ಹಿಡಿದು ಬಂದವರ ನೆನಪು ಆಗದಿದ್ದರೆ ಕೇಳಿ. ಇದರ ತಯಾರಕರು ಅದೇ ರಿಷಬ್ ಶೆಟ್ಟರು ಎಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. ಒಂದು ಕೈ ಮಾಡಿದ್ದನ್ನು ಇನ್ನೊಂದು ಕೈಗೆ ತಿಳಿಸಿದ್ದರೆ ಎಷ್ಟು ಚೆನ್ನಾಗಿತ್ತು! ಮೂರನೆಯದು 2023ರ 'ಡೇರ್‌ಡೆವಿಲ್ ಮುಸ್ತಾಫಾ'. ಪೂರ್ಣಚಂದ್ರ ತೇಜಸ್ವಿಯವರ ಕತೆ. ಹಿಂದೂ ಹುಡುಗರೇ ತುಂಬಿದ ಕಾಲೇಜಿಗೆ ಬರುವ ಒಬ್ಬ ಮುಸಲ್ಮಾನ ಹುಡುಗ. ಬಸ್ಸಿನಲ್ಲಿ ಯಾರ ಪಕ್ಕ ಯಾರು ಕುಳಿತರೆಂದು ಇಣುಕಿ ನೋಡಿ ಹಲ್ಲೆಗೆ ಇಳಿಯುವವರಿರುವ ನಮ್ಮ ಜಿಲ್ಲೆಯಲ್ಲಿ ಈ ಚಿತ್ರ ಪ್ರತಿ ಹೈಸ್ಕೂಲಿನಲ್ಲೂ ತೋರಿಸತಕ್ಕದ್ದು.

'ಮುಸ್ತಾಫಾ'ನ ಬಂಡವಾಳ ಎಲ್ಲಿಂದ ಬಂತು? ತೇಜಸ್ವಿಯವರ ನೂರಕ್ಕೂ ಮಿಕ್ಕಿದ ಓದುಗರು ಕೈಗೂಡಿಸಿ ಹಾಕಿದ ಹಣ. 1976ರಲ್ಲಿ ಗುಜರಾತಿನ 5 ಲಕ್ಷ ಹೈನುಗಾರರು ತಲಾ 2 ರೂಪಾಯಿ ಹಾಕಿ ಶ್ಯಾಂ ಬೆನೆಗಲ್‌ರಿಂದ 'ಮಂಥನ್' ಮಾಡಿಸಿದ್ದು ನಮಗೆ ತಿಳಿದದ್ದೇ. ಸಹಕಾರ ಸಂಘಗಳ ತವರೆಂದು ಹೇಳಿಕೊಳ್ಳುವ ನಮ್ಮ ಜಿಲ್ಲೆಗೆ, ಅಡಿಕೆಗೊಂದು ಹಾಲಿಗೊಂದು ಸಾಲಕ್ಕೊಂದು ಸಂಘ ಕಟ್ಟಿದವರಿಗೆ, ಒಂದು ಚಿತ್ರ ಕಟ್ಟಲು ಎಷ್ಟು ಕಷ್ಟ? 1974ರ ಡಿಕ್ಲರೇಶನ್ನಿನ ಕತೆಯನ್ನು ನಾವೇ ಮಾಡಿಸಬಹುದು; ಹೊಂಬಾಳೆಯವರ ಬಾಗಿಲು ಕಾಯಬೇಕಾಗಿಲ್ಲ.

ಅದಾಗುವವರೆಗೆ ಮಾಡಬಹುದಾದ್ದೊಂದಿದೆ. ಸರಕಾರ ಪ್ರತಿ ಗ್ರಾಮ ಪಂಚಾಯತಿಗೆ ಒಂದು ಪ್ರೊಜೆಕ್ಟರು ಕೊಟ್ಟು, ಪ್ರಶಸ್ತಿ ಪಡೆದ ಕನ್ನಡ ತುಳು ಚಿತ್ರಗಳ ಪ್ರದರ್ಶನದ ಹಕ್ಕನ್ನು ತಾನೇ ಖರೀದಿಸಿ ಹಂಚಬೇಕೆಂದು ನಾವು ಒತ್ತಾಯಿಸುತ್ತೇವೆ. ಸಹಾಯಧನದ ಹೆಸರಿನಲ್ಲಿ ಬೊಕ್ಕಸದಿಂದ ಹೋಗುವ ಹಣಕ್ಕೆ ಜನರಿಗೆ ಇಷ್ಟಾದರೂ ಸಿಗಲಿ. ಸರಕಾರ ಏಳುವವರೆಗೆ ಕಾದು ಕೂರುವುದೂ ಬೇಡ. ಹರಕೆಯ ಬಯಲಾಟಕ್ಕೆ ರಾತ್ರಿಯಿಡೀ ಕೂರುವ ಜನ ನಾವು, ಗದ್ದೆಯಲ್ಲಿ ಪರದೆ ಕಟ್ಟಿದರೆ ಬರಲಾರರೆ? ಕೊಯಿಲು ಮುಗಿದು ಗದ್ದೆ ಒಣಗಿದ ಮೇಲೆ ಆಲಂಕಾರಿನಲ್ಲಿ ಮೂರು ರಾತ್ರಿಯ ಪ್ರದರ್ಶನ ಏರ್ಪಡಿಸಬೇಕೆಂದು ನಮ್ಮ ಸೂಚನೆ: ಮೊದಲ ರಾತ್ರಿ 'ಚೋಮನ ದುಡಿ', ಎರಡನೆಯದು 'ಫೋಟೋ', ಮೂರನೆಯದು ಮಕ್ಕಳಿಗಾಗಿ 'ಮುಸ್ತಾಫಾ'. ಹಕ್ಕುದಾರರ ಅನುಮತಿಗೆ ಕಾಗದ ಬರೆಯುವ ಕೆಲಸ ಪತ್ರಿಕೆಯದು. ಪ್ರವೇಶಕ್ಕೆ 20 ರೂಪಾಯಿ, ಬೀಡಿ ಕಾರ್ಮಿಕರಿಗೂ ಶಾಲಾ ಮಕ್ಕಳಿಗೂ ಧರ್ಮ. ಮೊದಲ ರಾತ್ರಿ ಚಿತ್ರ ಮುಗಿದ ಮೇಲೆ, ಡಿಕ್ಲರೇಶನ್ ಕೊಟ್ಟ ಹಿರಿಯರೂ ಕೊಡಲಾರದೆ ಉಳಿದವರೂ ಎದ್ದು ನಿಂತು ಮಾತನಾಡುವಂತಾಗಬೇಕು; ಅವರ ಮಾತನ್ನು ಬರೆದು ಪ್ರಕಟಿಸುವೆವು. ಗದ್ದೆ ಬಿಟ್ಟುಕೊಡುವವರು, ಬೆಂಚು ಕೊಡುವವರು, ಜನರೇಟರು ಇದ್ದವರು ಈ ತಿಂಗಳೊಳಗೆ ನಮ್ಮ ಕಚೇರಿಗೆ ಹೆಸರು ತಿಳಿಸಬೇಕು.